ಎಲೆ ಉದುರಿಸಿದ ಗಿಡ

ಸೋಮವಾರ ಬೆಳಿಗ್ಗೆ ನಿಖಿತಾ ಮಗಳ ಊಟದ ಡಬ್ಬಿಗೆ ಚಪಾತಿ ಸುತ್ತುತ್ತಿದ್ದಳು. ಒಳಗೆ ತುಪ್ಪ ಬೆಲ್ಲ ಸವರಿ, ಸೋರದಂತೆ ತುದಿ ಮಡಚಿ, ಸಣ್ಣ ಸಣ್ಣ ತುಂಡು ಮಾಡಬೇಕು. ತುಂಡು ದೊಡ್ಡದಾದರೆ ಸಿಂಧೂರ ಅರ್ಧ ತಿಂದು ಅರ್ಧ ವಾಪಸು ತರುತ್ತಾಳೆ. ಕಾವಲಿಯ ಮೇಲೆ ಇನ್ನೊಂದು ಚಪಾತಿ ಉಬ್ಬುತ್ತಿತ್ತು. ಎಂಟು ವರ್ಷದ ಸಿಂಧೂರ ಒಂದು ಕಾಲಿಗೆ ಮಾತ್ರ ಕಾಲುಚೀಲ ಹಾಕಿಕೊಂಡು, ಹಿತ್ತಲ ಬಾಗಿಲಿನ ಗಾಜಿಗೆ ಮೂಗು ಒತ್ತಿ ನಿಂತಿದ್ದಳು. ತಿರುಗದೆಯೇ ಹೇಳಿದಳು.

"ಅಮ್ಮಾ, ಚಿಕ್ಕ ನಿಂಬಣ್ಣ ಗ್ಲಾಸ್ ಥರ ಆಗ್ಬಿಟ್ಟಿದೆ."

"ಯಾವ ಗ್ಲಾಸು? ಮೊದ್ಲು ಇನ್ನೊಂದು ಕಾಲುಚೀಲ ಹಾಕ್ಕೋ, ಸ್ಕೂಲಿಗೆ ಲೇಟಾಗತ್ತೆ."

"ನೋಡು ಬಾ. ಎಲೆ ಎಲ್ಲ ಶೈನ್ ಆಗ್ತಿದೆ. ದೊಡ್ಡ ನಿಂಬಣ್ಣಂದೂ."

ಕೈಯಲ್ಲಿ ಚಾಕು ಹಿಡಿದಿದ್ದ ನಿಖಿತಾಳಿಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ನೆನಪಾಯಿತು. ಗಿಡಗಳು ಹೊರಗಿದ್ದವು. ಹೆಪ್ಪುಗಟ್ಟುವ ಚಳಿಯಲ್ಲಿ ರಾತ್ರಿಯಿಡೀ ಹೊರಗೇ ಇದ್ದವು. ಬಾಗಿಲು ತೆರೆದು ಬರಿಗಾಲಿನಲ್ಲೇ ಹಿತ್ತಲಿಗೆ ಓಡಿದಳು. ನೆಲದ ಕಲ್ಲು ಪಾದಕ್ಕೆ ಚುರುಕ್ಕೆಂದಿತು, ಸುಟ್ಟಂತೆಯೇ. ಎರಡು ಕುಂಡಗಳಲ್ಲಿ ಎರಡು ನಿಂಬೆ ಗಿಡಗಳು ಅಲುಗಾಡದೆ ನಿಂತಿದ್ದವು. ಎಲೆಯ ಹಸಿರು ಹಾಗೇ ಇತ್ತು, ಆದರೆ ಅದರೊಳಗೆ ಬೆಳಕು ಹಾಯುತ್ತಿತ್ತು. ಮುಟ್ಟಿದರೆ ಬಾಗಲಿಲ್ಲ, ಕರಿದ ಹಪ್ಪಳದಂತೆ ಬಿರುಸಾಗಿತ್ತು.

ಒಳಗಿನಿಂದ ಚಪಾತಿ ಸೀದ ವಾಸನೆ ಬಂತು, ಹಿಂದೆಯೇ ಹೊಗೆಯ ಅಲಾರಂ ಕೂಗಿಕೊಂಡಿತು. ಗಂಡ ಅನಿರುದ್ಧ ತಲೆ ಒರೆಸಿಕೊಳ್ಳುತ್ತ ಮೆಟ್ಟಿಲಿಳಿದು ಬಂದ.

"ಏನ್ ನಿಕ್ಕಿ, ಬೆಳಬೆಳಿಗ್ಗೆ ಹೋಮ ಇಟ್ಕೊಂಡಿದೀಯ?"

ದೊಡ್ಡ ಕುಂಡವನ್ನು ಅಪ್ಪಿಕೊಂಡು ಒಳಗೆ ಬರುತ್ತಿದ್ದ ನಿಖಿತಾಳ ಮುಖ ನೋಡಿ ಅವನ ನಗು ಅಲ್ಲೇ ನಿಂತಿತು. ಟವೆಲ್ಲು ಬೀಸಿ ಅಲಾರಂ ಬಾಯಿ ಮುಚ್ಚಿಸಿದ. ಅವಳು ಎರಡು ಕುಂಡಗಳನ್ನೂ ರೇಡಿಯೇಟರ್ ಪಕ್ಕ ಇಟ್ಟು, ಬಿಸಿ ಹೆಚ್ಚಿಸಿ, ಉಗುರುಬೆಚ್ಚಗಿನ ನೀರು ತಂದು ಬುಡಕ್ಕೆ ಹುಯ್ದಳು. ಮಳೆಯಲ್ಲಿ ನೆನೆದು ಬಂದ ಮಗುವಿಗೆ ತಾಯಿ ಏನು ಮಾಡುತ್ತಾಳೋ ಅದನ್ನೆಲ್ಲ ಮಾಡಿದಳು. ಹೆಪ್ಪುಗಟ್ಟಿದ ಗಿಡವನ್ನು ಹಾಗೆ ಒಮ್ಮೆಲೇ ಬಿಸಿಗೆ ತರಬಾರದು ಎಂದು ಅವಳಿಗೆ ತಿಳಿದದ್ದು ಬಹಳ ತಡವಾಗಿ.

ಆ ಗಿಡಗಳು ಮನೆಗೆ ಬಂದದ್ದು ಸಿಂಧೂರಳ ಬಾಯಿಂದ. ನಾಲ್ಕು ವರ್ಷದವಳಿದ್ದಾಗ, ದ ಹೇಗ್‌ನ ಇಂಡಿಯನ್ ಅಂಗಡಿಯಿಂದ ತಂದ ನಿಂಬೆಹಣ್ಣಿನ ಹೋಳನ್ನು ಉಪ್ಪು ಸವರಿಕೊಂಡು ಚೀಪಿ, ಬೀಜಗಳನ್ನು ತುಳಸಿ ಒಣಗಿಹೋಗಿದ್ದ ಕುಂಡಕ್ಕೆ ಉಗಿದಿದ್ದಳು. ಒಂದು ತಿಂಗಳ ಮೇಲೆ ಅಲ್ಲಿ ಎರಡು ಮೊಳಕೆ ಎದ್ದವು. ಡಚ್ಚರ ಊರು ಹೂಫ್‌ಡಾರ್ಪ್‌ನ ಆ ಸಾಲುಮನೆಯಲ್ಲಿ, ಐದು ನಿಮಿಷಕ್ಕೊಂದು ವಿಮಾನ ತಲೆಯ ಮೇಲೆ ಹಾಯುವ ಆ ಅಂಗೈಯಗಲದ ಹಿತ್ತಲಲ್ಲಿ, ಬೇರೆ ಯಾವ ಬೀಜವೂ ಸಿಂಧೂರಳ ಮಾತು ಕೇಳಿರಲಿಲ್ಲ. ದೊಡ್ಡದಕ್ಕೆ ದೊಡ್ಡ ನಿಂಬಣ್ಣ, ಚಿಕ್ಕದಕ್ಕೆ ಚಿಕ್ಕ ನಿಂಬಣ್ಣ ಎಂದು ಹೆಸರಾಯಿತು. ದೊಡ್ಡದು ಅಮ್ಮನದು, ಚಿಕ್ಕದು ತನ್ನದು ಎಂದು ಪಾಲೂ ಆಯಿತು. ಬೇಸಿಗೆಯಲ್ಲಿ ಒಂದೆರಡು ಎಲೆ ಕಿತ್ತು ಮಜ್ಜಿಗೆಗೆ ಕಿವುಚಿ ಹಾಕಿದರೆ ನಿಖಿತಾಳಿಗೆ ಆ ದಿನವೆಲ್ಲ ಮೈಸೂರಿನ ಮಧ್ಯಾಹ್ನ. ಚಳಿಗಾಲದಲ್ಲಿ ಎರಡೂ ಒಳಗೆ, ಕಿಟಕಿಯ ಹತ್ತಿರ. ನಾಲ್ಕು ಚಳಿಗಾಲ ಹಾಗೇ ಕಳೆದಿದ್ದವು.

ಐದನೆಯದರಲ್ಲಿ ರಥಸಪ್ತಮಿ ಭಾನುವಾರ ಬಂತು.

ಮೈಸೂರಿನ ಮನೆಯಲ್ಲಿ ಆ ದಿನ ಅವಳ ತಾಯಿ ಅನಸೂಯ ತಲೆಗೆ, ಭುಜಕ್ಕೆ ಎಕ್ಕದೆಲೆ ಇಟ್ಟು ಸ್ನಾನ ಮಾಡಿಸುತ್ತಿದ್ದರು. ಹೂಫ್‌ಡಾರ್ಪ್‌ನಲ್ಲಿ ಎಕ್ಕ ಎಲ್ಲಿಂದ ಬರಬೇಕು? ಆ ಭಾನುವಾರ ಸಿಂಧೂರಳೇ ಉಪಾಯ ಹೇಳಿದಳು, ನಿಂಬಣ್ಣರ ಎಲೆ ಇದೆಯಲ್ಲ ಎಂದು. ಏಳು ಎಲೆ ಕಿತ್ತು, ಷವರ್ ಕೆಳಗೆ ನಿಂತ ಮಗಳ ತಲೆಯ ಮೇಲಿಟ್ಟು ನಿಖಿತಾ ಚೊಂಬಿನಿಂದ ನೀರು ಹುಯ್ದಳು. ಎಲೆ ಜಾರಿ ಮೂಗಿನ ಮೇಲೆ ಬಿದ್ದಾಗಲೆಲ್ಲ ಮಗು ಕಿಲಕಿಲ ನಕ್ಕಳು. ಸ್ನಾನ ಮುಗಿಸಿ ಕೆಳಗೆ ಬಂದರೆ ಹಿತ್ತಲ ತುಂಬ ಬಿಸಿಲು. ವಾರಗಟ್ಟಲೆ ಬೂದಿ ಬಣ್ಣಕ್ಕೆ ತಿರುಗಿದ್ದ ಆಕಾಶ ಆ ದಿನ ತೊಳೆದಿಟ್ಟಂತೆ ನೀಲಿ. ನಿಖಿತಾಳ ಕಣ್ಣು ತೇವವಾಯಿತು. ಹಬ್ಬದ ದಿನವೇ ಸೂರ್ಯ ತನ್ನ ಮನೆಯ ವಿಳಾಸ ಹುಡುಕಿಕೊಂಡು ಬಂದಿದ್ದಾನೆ ಅನ್ನಿಸಿತು.

"ಇವತ್ತು ಸೂರ್ಯನ ರಥ ತಿರುಗತ್ತೆ ಪುಟ್ಟ. ಇವತ್ತಿಂದ ಚಳಿ ಹೋಯ್ತು ಅಂತ ಲೆಕ್ಕ," ಎಂದು ಮಗಳಿಗೆ ಹೇಳಿ, ಎರಡು ಕುಂಡಗಳನ್ನೂ ಹೊರಗೆ ಬಿಸಿಲಿಗೆ ಇಟ್ಟಳು. ಗಿಡಗಳಿಗೂ ಅರಿಸಿನ ಕುಂಕುಮ ಆಯಿತು, ಹಾಲು ಉಕ್ಕಿಸಿದ್ದಾಯಿತು, ಮೈಸೂರಿಗೆ ಫೋಟೋ ಕಳಿಸಿದ್ದೂ ಆಯಿತು. ಸಂಜೆ ಮೋಡವೇ ಇಲ್ಲದ ಆಕಾಶ ಕಿತ್ತಳೆಯಾಗಿ, ನೇರಳೆಯಾಗಿ, ನಕ್ಷತ್ರ ಮೂಡುವಾಗ ಸಿಂಧೂರ ಬಾಗಿಲ ಬಳಿ ನಿಂತು ಕೇಳಿದಳು.

"ಅಮ್ಮ, ನಿಂಬಣ್ಣರನ್ನ ಒಳಗೆ ತರೋಣ್ವಾ?"

ನಿಖಿತಾ ಸಜ್ಜಿಗೆಗೆ ರವೆ ಹುರಿಯುತ್ತಿದ್ದಳು. "ಇರ್ಲಿ ಬಿಡು ಚಿನ್ನ. ಬೆಳಿಗ್ಗೆ ಮತ್ತೆ ಬಿಸಿಲು ಬರತ್ತಲ್ಲ."

ಬಿಸಿಲು ಬಂದರೆ ಬೆಚ್ಚಗಾಗುತ್ತದೆ. ಇದು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ, ಮೈಯೇ ಕಲಿತದ್ದು. ಚಳಿಗಾಲದಲ್ಲಿ ಬಿಸಿಲು ಬಿದ್ದ ದಿನದ ರಾತ್ರಿಯೇ ಎಲ್ಲಕ್ಕಿಂತ ಕೊರೆಯುವ ರಾತ್ರಿ ಎಂಬುದು ಈ ನಾಡಿನ ಮೈಗೆ ಗೊತ್ತು. ಆರು ವರ್ಷ ಇಲ್ಲಿ ಸೈಕಲ್ ತುಳಿದರೂ ಅವಳ ಮೈಗೆ ಅದು ಹತ್ತಿರಲಿಲ್ಲ.

ಆ ವಾರ ಮನೆಯಲ್ಲಿ ಕಾಯಿಲೆಯ ಮಗು ಇದ್ದ ಹಾಗಿತ್ತು. ಗಾಜಿನಂತಿದ್ದ ಎಲೆಗಳು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತವು. ಚಿಕ್ಕ ಗಿಡ ಒಂದೊಂದೇ ಎಲೆ ಉದುರಿಸತೊಡಗಿತು. ಬೆಳಿಗ್ಗೆ ಎದ್ದು ನೋಡಿದರೆ ಕುಂಡದ ಸುತ್ತ ಒಂದು ರಾಶಿ. ವಾರ ತುಂಬುವಷ್ಟರಲ್ಲಿ ಅದರ ಮೈಮೇಲೆ ಒಂದೇ ಒಂದು ಎಲೆ ಉಳಿಯಲಿಲ್ಲ. ಕಸಪೊರಕೆಯ ಕಡ್ಡಿ ನೆಟ್ಟಂತೆ ಕಾಣುತ್ತಿತ್ತು. ದೊಡ್ಡದರ ಎಲೆಗಳು ಮಾತ್ರ ಸುರುಟಿ ಕಂದಾದರೂ ಕೊಂಬೆ ಬಿಡಲಿಲ್ಲ. ಅದನ್ನು ನೋಡಿ ನಿಖಿತಾಳಿಗೆ ಧೈರ್ಯ. ಹಿಡಿದುಕೊಂಡಿದೆ, ದೊಡ್ಡದು ಉಳಿಯುತ್ತದೆ ಅಂದುಕೊಂಡಳು.

ಶನಿವಾರ ವಿಡಿಯೋ ಕಾಲ್‌ನಲ್ಲಿ ಅನಸೂಯ ಗಿಡಗಳನ್ನು ನೋಡಿ ಕೆನ್ನೆಗೆ ಕೈ ಹಚ್ಚಿದರು.

"ಅಯ್ಯೋ ನಮ್ಮಮ್ಮ. ಬಿಸಿಲಿಗೆ ಇಟ್ಟಿದ್ದಕ್ಕೆ ಹಿಂಗಾಯ್ತಾ? ಬುಡಕ್ಕೆ ಹುಳಿ ಮಜ್ಜಿಗೆ ಹುಯ್ಯೇ. ನಮ್ಮ ಕರಿಬೇವು ಅದರಲ್ಲೇ ಎದ್ದಿದ್ದು."

"ಅತ್ತೆ, ಮಜ್ಜಿಗೆ ಗಿಡಕ್ಕೆ ಹೋದ್ರೆ ನನ್ನ ಅನ್ನಕ್ಕೇನು ಗತಿ?" ಎಂದ ಅನಿರುದ್ಧ.

"ನಿಮಗೆ ಸಾರು ಹಾಕ್ತಾಳೆ, ಸುಮ್ನಿರಿ. ಗಿಡಕ್ಕೆ ಸಾರು ಹಾಕಕ್ಕಾಗತ್ತಾ?"

ಸಿಂಧೂರ ನಗಲಿಲ್ಲ. ಅವಳು ಚಿಕ್ಕ ಗಿಡದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಲೈಬ್ರರಿಯಿಂದ ತಂದ ಡಚ್ ಕತೆಪುಸ್ತಕವನ್ನು ಅದಕ್ಕೆ ಮೆಲ್ಲಗೆ ಓದಿ ಹೇಳುತ್ತಿದ್ದಳು. ಪುಟ ತಿರುಗಿಸುವ ಮುಂಚೆ ಚಿತ್ರವನ್ನು ಗಿಡದ ಕಡೆಗೆ ಹಿಡಿಯುತ್ತಿದ್ದಳು.

ಅನಿರುದ್ಧ ಫೋನಿನಲ್ಲಿ ಹುಡುಕಿ ಓದಿದ. "ಏನೂ ಮಾಡ್ಬೇಡಿ ಅಂತ ಬರ್ದಿದಾರೆ ನಿಕ್ಕಿ. ಕತ್ತರಿಸ್ಬೇಡಿ, ಗೊಬ್ಬರ ಬೇಡ, ನೀರೂ ಕಮ್ಮಿ. ಎಲ್ಲಿ ಸತ್ತಿದೆ ಎಲ್ಲಿ ಬದುಕಿದೆ ಅಂತ ಗಿಡಾನೇ ತೋರಿಸತ್ತಂತೆ. ಬೇಸಿಗೆ ತನಕ ಕಾಯ್ಬೇಕಂತೆ."

"ಬೇಸಿಗೆ ತನಕ ಇವಳು ಹಿಂಗೇ ಕೂತಿರ್ತಾಳಲ್ಲ ಅನಿ."

ನಿಖಿತಾ ತಾಳ್ಮೆಯ ಹೆಂಗಸು. ಮಗಳು ಶೂ ದಾರ ಕಟ್ಟಿಕೊಳ್ಳುವುದನ್ನು ಮಳೆಯಲ್ಲಿ ನಿಂತು ಕಾಯುತ್ತಾಳೆ. ಒಂದು ಲೋಟ ಹಾಲು ಮುಗಿಯುವ ತನಕ ಮೂರು ಕತೆ ಹೇಳುತ್ತಾಳೆ. ಆದರೆ ಮಗಳ ದುಃಖ ಕಣ್ಣೆದುರು ಕೂತಿರುವಾಗ ಸುಮ್ಮನೆ ಕಾಯುವುದು ಮಾತ್ರ ಅವಳಿಂದ ಆಗುವ ಕೆಲಸವಲ್ಲ. ದಿನಾ ಶಾಲೆಯಿಂದ ಬಂದವಳೇ ಬ್ಯಾಗು ಬಿಸಾಕಿ ಕಡ್ಡಿಯ ಮುಂದೆ ಕೂರುತ್ತಿದ್ದಳು ಮಗು. ತಟ್ಟೆ ಅಲ್ಲಿಗೇ ಹೋಗಬೇಕು. ನೆನೆದ ಮಣ್ಣಿನಲ್ಲಿ ಸಣ್ಣ ಕಪ್ಪು ನೊಣಗಳಾಗಿ ಮುಖದ ಸುತ್ತ ಹಾರಾಡಿದರೂ ಏಳುತ್ತಿರಲಿಲ್ಲ. ಇನ್ನೂ ಮೂರು ತಿಂಗಳು ಮಗು ಒಂದು ಹೆಣದ ಮುಂದೆ ಕೂರಬೇಕೇ ಎಂದು ನಿಖಿತಾ ತನ್ನನ್ನೇ ಕೇಳಿಕೊಂಡಳು.

ಅವಳಿಗೆ ಆಫೀಸು ವಾರದಲ್ಲಿ ನಾಲ್ಕು ದಿನ, ಮಂಗಳವಾರ ಮನೆ. ಫೆಬ್ರವರಿಯ ಒಂದು ಮಂಗಳವಾರ, ಮಗಳನ್ನು ಶಾಲೆಗೆ ಬಿಟ್ಟು ಬಂದು ಆಲೂಗಡ್ಡೆ ಹೆರೆಯುತ್ತ ಕೂತಿದ್ದವಳು ತಟ್ಟನೆ ಎದ್ದಳು. ಚಿಕ್ಕ ಗಿಡದ ತುದಿ ಹಿಡಿದು ಮುರಿದಳು. ಚಟಕ್ಕೆಂದು ಮುರಿಯಿತು, ಒಳಗೆಲ್ಲ ಕಂದು. ಇಷ್ಟು ಸಾಕಲ್ಲ ಎಂದುಕೊಂಡಳು. ಕುಂಡವನ್ನು ಹಿತ್ತಲಿಗೆ ಒಯ್ದು ಬೋರಲು ಹಾಕಿ ತಟ್ಟಿ, ಮಣ್ಣಿನ ಸಮೇತ ಗಿಡವನ್ನು ಎಳೆದು, ತರಕಾರಿ ಕಸ ಹಾಕುವ ಹಸಿರು ತೊಟ್ಟಿಗೆ ಹಾಕಿದಳು. ಉದ್ದವಿದ್ದ ಕಡ್ಡಿ ಒಳಗೆ ಇಳಿಯಲಿಲ್ಲ. ನಡುವೆ ಹಿಡಿದು ಮಡಚಿದಳು. ಅದು ಚಟಕ್ಕೆನ್ನಲಿಲ್ಲ, ಬಾಗಿತು. ಮೇಲೆ ಆಲೂಗಡ್ಡೆ ಸಿಪ್ಪೆ ಸುರಿದು ಮುಚ್ಚಳ ಮುಚ್ಚಿದಳು. ಒಳಗೆ ಬಂದು ಎರಡು ಸಲ ಸೋಪು ಹಾಕಿ ಕೈ ತೊಳೆದರೂ ಬೆರಳಲ್ಲಿ ನಿಂಬೆಯ ಘಮ ಉಳಿದೇ ಇತ್ತು. ಆ ಘಮಕ್ಕೆ ಏನರ್ಥ ಎಂದು ಅವಳು ಆಗ ಯೋಚಿಸಲಿಲ್ಲ. ಕುಂಡ ತೊಳೆದು ಶೆಡ್‌ನಲ್ಲಿ ಮಗುಚಿಟ್ಟು, ಮಗಳಿಗೆ ಏನು ಹೇಳಲಿ ಎಂಬುದನ್ನೇ ಯೋಚಿಸುತ್ತಿದ್ದಳು.

ಈ ದೇಶದಲ್ಲಿ ಬೇಡವಾದ ಗಿಡಗಳಿಗೂ ಒಂದು ಆಶ್ರಯವಿದೆ. ಮನೆ ಬದಲಾಯಿಸುವವರು, ನೋಡಿಕೊಳ್ಳಲಾಗದವರು ಅಲ್ಲಿಗೆ ಕೊಟ್ಟು ಬರುತ್ತಾರೆ. ಅಲ್ಲಿಯವರು ಉಪಚಾರ ಮಾಡಿ ಬೇರೆಯವರಿಗೆ ಕೊಡುತ್ತಾರೆ. ನಾಯಿ ಬೆಕ್ಕಿನ ಆಶ್ರಯಕ್ಕೆ ಹೇಳುವ ಹಾಗೆಯೇ ಅದಕ್ಕೂ ಅಸೀಲ್ ಎನ್ನುತ್ತಾರೆ.

ಆ ದಿನ ಈಜಿನ ತರಗತಿ ಮುಗಿಸಿ ಸಿಂಧೂರ ಮನೆಗೆ ಬಂದದ್ದೇ ಊಟದ ಹೊತ್ತಿಗೆ. ಊಟಕ್ಕೆ ಕೂತಾಗ ನಿಖಿತಾ ಸಹಜವಾಗಿ ಹೇಳಿದಳು, ಹೇಳುವ ರೀತಿಯನ್ನು ಮಧ್ಯಾಹ್ನವೆಲ್ಲ ಅಭ್ಯಾಸ ಮಾಡಿದ್ದಳು. "ಪುಟ್ಟ, ಚಿಕ್ಕ ನಿಂಬಣ್ಣನ್ನ ಗಿಡಗಳ ಅಸೀಲ್‌ಗೆ ಕೊಟ್ಟು ಬಂದೆ. ಅಲ್ಲಿ ಎಕ್ಸ್‌ಪರ್ಟ್ಸ್ ಇರ್ತಾರೆ. ಚೆನ್ನಾಗಿ ನೋಡ್ಕೋತಾರೆ."

ಅನಿರುದ್ಧ ತಟ್ಟೆಯಿಂದ ತಲೆಯೆತ್ತಿ ಹೆಂಡತಿಯನ್ನು ನೋಡಿ ಮತ್ತೆ ತಟ್ಟೆ ನೋಡಿದ. ಸಿಂಧೂರ ಪಲ್ಯದ ಆಲೂಗಡ್ಡೆ ಹೋಳನ್ನು ಚಮಚದಿಂದ ಅತ್ತ ಇತ್ತ ಸರಿಸಿದಳು.

"ಓಕೆ," ಅಂದಳು.

ಅಷ್ಟೇ. ಅಳುತ್ತಾಳೆ, ರಂಪ ಮಾಡುತ್ತಾಳೆ, ಈಗಲೇ ಕರಕೊಂಡು ಹೋಗು ಎನ್ನುತ್ತಾಳೆ ಎಂದು ನಿಖಿತಾ ಹತ್ತು ಉತ್ತರ ಹೊಂದಿಸಿಟ್ಟಿದ್ದಳು. ಒಂದಕ್ಕೂ ಕೆಲಸ ಬೀಳಲಿಲ್ಲ.

ಮಲಗುವ ಮುಂಚೆ ಅನಿರುದ್ಧ ಕೇಳಿದ. "ಯಾವ ಅಸೀಲ್?"

"ಕೇಳ್ಬೇಡ."

"ನಾನು ಕೇಳಲ್ಲ. ಅವಳು ಕೇಳಿದ್ರೆ?"

"ಮಗು ಅನಿ ಅದು. ಮರೀತಾಳೆ."

ಮಗು ಮರೆತಂತೆಯೇ ಕಂಡಿತು. ಮತ್ತೆ ಮೇಜಿಗೆ ಬಂದು ಊಟ ಮಾಡಿತು, ಗೆಳತಿಯ ಹುಟ್ಟುಹಬ್ಬಕ್ಕೆ ಹೋಯಿತು, ಈಜಿನ ಪರೀಕ್ಷೆ ಪಾಸಾಗಿ ಡಿಪ್ಲೊಮಾ ಪಡೆಯಿತು. ನಿಖಿತಾಳಿಗೆ ಹಗುರಾಗಬೇಕಿತ್ತು, ಆಗಲಿಲ್ಲ. ಸಿಂಧೂರ ಎಂದರೆ ಪ್ರಶ್ನೆಗಳ ಮೂಟೆ. ಶಾಲೆಯ ಮೊಲವನ್ನು ರಜಕ್ಕೆ ಯಾರೋ ಮನೆಗೆ ಒಯ್ದರೆ, ಅದು ಯಾವ ರೂಮಿನಲ್ಲಿ ಮಲಗುತ್ತದೆ, ಅವರ ಮನೆ ಬೆಕ್ಕಿಗೆ ಗೊತ್ತಾ ಎಂದು ತಲೆ ತಿಂದವಳು. ಅಂಥವಳು ತನ್ನ ಗಿಡ ಯಾವ ಊರಿನ ಅಸೀಲ್‌ನಲ್ಲಿದೆ ಎಂದು ಒಂದು ಸಲವೂ ಕೇಳಲಿಲ್ಲ. ನೋಡಿಬರೋಣ ಎಂದೂ ಅನ್ನಲಿಲ್ಲ. ಕೆಲವು ಸಲ ಶಾಲೆಯ ದಾರಿಯಲ್ಲಿ, ಇಬ್ಬರೂ ಸೈಕಲ್ ಮೇಲೆ ಅಕ್ಕಪಕ್ಕ ಹೋಗುವಾಗ, "ಅಮ್ಮ" ಅನ್ನುತ್ತಿದ್ದಳು.

"ಏನು ಪುಟ್ಟ?"

"ನಿಕ್ಸ್."

ಏನಿಲ್ಲ ಎಂದು ಡಚ್‌ನಲ್ಲಿ ಹೇಳಿ ಪೆಡಲ್ ಜೋರು ಮಾಡಿ ಮುಂದೆ ಹೋಗುತ್ತಿದ್ದಳು. ಪ್ರತಿ ಸಲವೂ ನಿಖಿತಾ ಅವಳ ಹಿಂದೆಯೇ ಉಳಿದುಬಿಡುತ್ತಿದ್ದಳು. ಕೇಳಿದರೆ ಏನು ಹೇಳಲಿ ಎಂಬ ಭಯ ಒಂದು. ಕೇಳುವುದೇ ಇಲ್ಲವಲ್ಲ, ಅಮ್ಮನನ್ನು ಕೇಳಿ ಪ್ರಯೋಜನವಿಲ್ಲ ಎಂದು ಈ ಮಗು ತೀರ್ಮಾನಿಸಿಬಿಟ್ಟಿದೆಯೇ ಎಂಬ ಭಯ ಅದಕ್ಕಿಂತ ದೊಡ್ಡದು.

ಮಾರ್ಚ್‌ನಲ್ಲಿ ಒಂದು ದಿನ ಅವಳು ಆಫೀಸಿನಿಂದ ನೇರ ಗಿಡಗಳ ಅಂಗಡಿಗೆ ಹೋದಳು. ಚಿಕ್ಕ ನಿಂಬಣ್ಣನಷ್ಟೇ ಎತ್ತರದ ನಿಂಬೆ ಗಿಡ ಅಲ್ಲಿತ್ತು, ಬುಡದಲ್ಲಿ ಕಸಿಯ ಗಂಟು, ತುದಿಯಲ್ಲಿ ಎರಡು ಹಳದಿ ಹಣ್ಣು. ಗಾಡಿಗೆ ಹಾಕಿಕೊಂಡಳು. ಗುಣವಾಗಿ ಬಂತು ನೋಡು ಎಂದು ಹೇಳಬಹುದು. ಬಿಲ್ಲಿನ ಸಾಲಿನಲ್ಲಿ ನಿಂತಾಗ ಮಗಳು ಈ ಗಿಡದ ಮುಂದೆ ಕೂತು, ಚಿತ್ರ ಕಾಣುವಂತೆ ಪುಸ್ತಕ ಹಿಡಿಯುವುದು ಕಣ್ಣಿಗೆ ಕಟ್ಟಿತು. ಸಾಲು ಬಿಟ್ಟು ಹೋಗಿ ಗಿಡವನ್ನು ಇದ್ದಲ್ಲಿಯೇ ಇಟ್ಟು, ಕೊತ್ತಂಬರಿ ಬೀಜದ ಪೊಟ್ಟಣವೊಂದನ್ನು ತೆಗೆದುಕೊಂಡು ಬಂದಳು.

ದೊಡ್ಡ ಗಿಡದ ವಿಷಯದಲ್ಲಿ ಮಾತ್ರ, ಈ ಸಲ, ಅನಿರುದ್ಧ ಓದಿ ಹೇಳಿದ್ದನ್ನೆಲ್ಲ ಅವಳು ಪಾಲಿಸಿದಳು. ರೇಡಿಯೇಟರ್‌ನಿಂದ ದೂರ, ಶೆಡ್‌ನ ಕಿಟಕಿಯ ಪಕ್ಕ, ತಂಪಾದ ಬೆಳಕಿನಲ್ಲಿ ಇಟ್ಟಳು. ಬೆರಳಿನ ಎರಡು ಗೆಣ್ಣು ಮಣ್ಣೊಳಗೆ ಇಳಿಸಿ, ಒಣಗಿದ್ದರೆ ಮಾತ್ರ ನೀರು. ಗೊಬ್ಬರವಿಲ್ಲ, ಕತ್ತರಿಯಿಲ್ಲ, ಅನಸೂಯಮ್ಮನ ಮಜ್ಜಿಗೆಯೂ ಇಲ್ಲ. ಸುರುಟಿದ ಎಲೆಗಳು ಕೊಂಬೆಗೆ ಅಂಟಿಕೊಂಡೇ ಇದ್ದವು. ಮುಟ್ಟಿದರೆ ಕರಕರ ಎನ್ನುತ್ತಿದ್ದವು. ಸಿಂಧೂರ ಶೆಡ್‌ಗೆ ಸೈಕಲ್ ಇಡಲು ಬಂದಾಗ ಅದರ ಕಡೆ ಒಂದು ನೋಟ ಹಾಯಿಸಿ ಹೋಗುತ್ತಿದ್ದಳು, ಬೇರೆಯವರ ಮನೆಯ ಮಗುವನ್ನು ನೋಡುವ ಹಾಗೆ.

ಏಪ್ರಿಲ್ ಕೊನೆಗೆ ಪಕ್ಕದ ಮನೆಯ ಟ್ರೂಸ್ ಬಂದಳು. ಎಪ್ಪತ್ತು ದಾಟಿದ ಹೆಂಗಸು, ಚಳಿಗಾಲವೆಲ್ಲ ಸ್ಪೇನ್‌ನಲ್ಲಿರುವ ತಂಗಿಯ ಮನೆಯಲ್ಲಿ ಕಳೆದು, ಟೊಮೇಟೊ ಸಸಿ ಮಾಡುವ ಹೊತ್ತಿಗೆ ಊರಿಗೆ ಮರಳುವವಳು. ಇಂಗ್ಲಿಷ್ ಬಂದರೂ ಮಾತಾಡುವುದಿಲ್ಲ. ನಿಖಿತಾಳ ಡಚ್ ಸುಧಾರಿಸಲಿ ಎಂಬ ಹಟ. ನಡುವೆ ಸಿಂಧೂರ ನಿಂತು ಅತ್ತಿಂದಿತ್ತ ಮಾತು ದಾಟಿಸುತ್ತಾಳೆ.

ಮೇ ತಿಂಗಳ ಒಂದು ಶನಿವಾರ ನಿಖಿತಾ ದೊಡ್ಡ ಕುಂಡವನ್ನು ಹಿತ್ತಲಿಗೆ ತಂದಿದ್ದಳು. ಬೇಲಿಯ ಆಚೆಯಿಂದ ನೋಡಿದ ಟ್ರೂಸ್, ಅದಕ್ಕೇನಾಯಿತು ಎಂದು ಕೇಳಿದಳು. ಸಿಂಧೂರ ಡಚ್‌ನಲ್ಲಿ ಹೇಳುತ್ತ ಹೋದಳು, ಬಿಸಿಲು, ರಾತ್ರಿ, ಗಾಜು. ಸೂರ್ಯನ ರಥದ ಕತೆಯನ್ನೂ ಹೇಳಿದಳೆಂದು ಕಾಣುತ್ತದೆ. ಟ್ರೂಸ್ ತಲೆದೂಗಿ ಏನೋ ಅಂದಳು.

"ಅವ್ರಿಗೂ ಹಂಗೆ ಒಂದು ಇದೆಯಂತೆ ಅಮ್ಮ. ಐಸ್ ಸೇಂಟ್ಸ್ ಅಂತ, ಕೊನೇ ಚಳಿ ತರೋ ಸಂತರು. ಮೇ ಮಧ್ಯದಲ್ಲಿ ಬರ್ತಾರಂತೆ. ಅವ್ರು ಹೋಗೋ ತನಕ ಟ್ರೂಸ್ ಟೊಮೇಟೊ ಹೊರಗೆ ಇಡಲ್ವಂತೆ, ಎಷ್ಟು ಬಿಸಿಲಿದ್ರೂ. ವಿಂಟರಲ್ಲಿ ಮೋಡ ಅಂದ್ರೆ ಬ್ಲ್ಯಾಂಕೆಟ್ ಅಂತೆ."

ಟ್ರೂಸ್ ಗೇಟು ತೆರೆದು ಒಳಗೇ ಬಂದಳು. ಮಂಡಿ ಹಿಡಿದುಕೊಂಡು ಕುಂಡದ ಪಕ್ಕ ಕುಕ್ಕರಿಸಿ, ನಿಖಿತಾಳ ಹೆಬ್ಬೆರಳು ಹಿಡಿದು, ಉಗುರಿನಿಂದ ತೊಗಟೆ ಕೆರೆಯುವಂತೆ ತೋರಿಸಿದಳು. ನಿಖಿತಾ ತುದಿಯ ಹತ್ತಿರ ಕೆರೆದಳು. ಕಂದು. ಒಂದು ಗೇಣು ಕೆಳಗೆ ಕೆರೆದಳು. ಅಲ್ಲೂ ಕಂದು. ಕೆಳಗಿಳಿಯುತ್ತ ಇಳಿಯುತ್ತ, ಮಣ್ಣಿಗೆ ನಾಲ್ಕು ಬೆರಳು ಮೇಲೆ, ಒಣ ತೊಗಟೆಯ ಅಡಿಯಲ್ಲಿ ಎಳೆ ಬಟಾಣಿಯ ಬಣ್ಣ ಕಂಡಿತು. ಅದರ ಪಕ್ಕದಲ್ಲೇ, ಎಳ್ಳಿನ ಕಾಳಿನಷ್ಟು ದಪ್ಪ, ಒಂದು ಮೊಗ್ಗೆ.

"ಚಿಗುರು," ಎಂದಳು ನಿಖಿತಾ.

ಟ್ರೂಸ್ ಕತ್ತರಿ ತರಿಸಿ, ಹಸಿರಿಗಿಂತ ಸ್ವಲ್ಪ ಮೇಲೆ, ಅಷ್ಟನ್ನೂ ಕತ್ತರಿಸುವಂತೆ ಹೇಳಿದಳು. ಭುಜದೆತ್ತರದ ಗಿಡ ಗೇಣುದ್ದದ ಮೋಟಾಗಿ ಉಳಿಯಿತು. ಕತ್ತರಿಸಿದ ಕೊಂಬೆಗಳಲ್ಲಿ ಎಲೆಗಳು ಇನ್ನೂ ಕರಕರ ಎನ್ನುತ್ತಿದ್ದವು. ಒಂದನ್ನು ಎತ್ತಿ ಹಿಡಿದು ಟ್ರೂಸ್ ನಿಧಾನವಾಗಿ ಏನೋ ವಿವರಿಸಿದಳು. ಸಿಂಧೂರ ಆ ಎಲೆಗಳನ್ನೇ ನೋಡುತ್ತ ಕೇಳಿಸಿಕೊಂಡಳು.

"ಏನಂತೆ ಪುಟ್ಟ?"

"ಎಲೆ ಅಂಟ್ಕೊಂಡಿದ್ರೆ ಒಳ್ಳೇದಲ್ವಂತೆ." ಮಗು ಮಾತು ಹುಡುಕಿತು. "ಎಲೆ ಬೀಳಿಸ್ಬೇಕು ಅಂದ್ರೆ ಗಿಡಕ್ಕೆ ಜೀವ ಇರ್ಬೇಕಂತೆ. ಕೊಂಬೆ ಸತ್ತೋದ್ರೆ ಅದಕ್ಕೆ ಎಲೆ ಬಿಡಕ್ಕೂ ಆಗಲ್ವಂತೆ. ಅದಕ್ಕೇ ಹಂಗೇ ಇರತ್ತಂತೆ. ಫ್ರೀಜ್ ಆದ್ಮೇಲೆ ಬೇಗ ಎಲ್ಲ ಎಲೆ ಬಿದ್ರೆ, ಅದು..." ಇಲ್ಲಿ ನಿಂತು ಕುಂಡದ ಅಂಚನ್ನು ನೋಡುತ್ತ ಮುಗಿಸಿದಳು. "ಅದು ಗುಡ್ ಸೈನ್ ಅಂತೆ."

ನಿಖಿತಾಳ ಕೈಯ ಕತ್ತರಿ ತೆರೆದಂತೆಯೇ ಉಳಿಯಿತು. ಕುಂಡದ ಸುತ್ತ ಬೆಳಿಗ್ಗೆ ಬೆಳಿಗ್ಗೆ ಬಿದ್ದಿರುತ್ತಿದ್ದ ರಾಶಿ ನೆನಪಾಯಿತು. ತಾನು ಅದನ್ನು ಗುಡಿಸಿ ಎತ್ತುತ್ತ, ಹೋಯಿತು, ಹೋಯಿತು ಅಂದುಕೊಂಡದ್ದು ನೆನಪಾಯಿತು. ತೊಟ್ಟಿಯಲ್ಲಿ ಮಡಚುವಾಗ ಮುರಿಯದೆ ಬಾಗಿದ ಕಾಂಡ. ಮಣ್ಣು ಹಿಡಿದುಕೊಂಡಿದ್ದ ಬೇರುಗಳು ಬೆಳ್ಳಗಿದ್ದವು. ಅದನ್ನು ಅವತ್ತೇ ಕಂಡಿದ್ದಳು, ನೋಡಿರಲಿಲ್ಲ. ಸೋಪಿಗೂ ಹೋಗದ ಘಮ. ಗಿಡ ತನಗೆ ತಿಳಿದ ಎಲ್ಲ ರೀತಿಯಲ್ಲೂ ಹೇಳಿತ್ತು.

ಇನ್ನೊಂದು ಗಿಡವಿತ್ತಲ್ಲ, ಅದು ಎಲೆ ಉದುರಿಸಿತೇ ಎಂದು ಟ್ರೂಸ್ ಕೇಳಿದಳು. ಇಷ್ಟು ಡಚ್ ನಿಖಿತಾಳಿಗೂ ಅರ್ಥವಾಯಿತು. ಸಿಂಧೂರ ಹೌದೆಂದಳು. ಎಲ್ಲವನ್ನೂ, ಒಂದೇ ವಾರದಲ್ಲಿ.

"ಹೀಲ್ ಖೂಡ್," ಎಂದಳು ಟ್ರೂಸ್ ಸಂತೋಷದಿಂದ. ಬಹಳ ಒಳ್ಳೆಯದು. ಎಲ್ಲಿ ಅದು?

ನಿಖಿತಾ ಕತ್ತರಿ ಮುಚ್ಚಿ ಕುಂಡದ ಪಕ್ಕ ಇಟ್ಟಳು. ಮಗಳು ಅವಳನ್ನು ಒಂದು ಸಲ ನೋಡಿದಳು. ಆಮೇಲೆ ಟ್ರೂಸ್ ಕಡೆ ತಿರುಗಿ, ಶಾಲೆಯಲ್ಲಿ ಉತ್ತರ ಹೇಳುವಂತೆ ಕೈ ಹಿಂದೆ ಕಟ್ಟಿಕೊಂಡು, ಅಸೀಲ್‌ಗೆ ಕೊಟ್ಟಿದ್ದೇವೆ ಎಂದಳು.

ಟ್ರೂಸ್ ಏನೋ ಉದ್ದವಾಗಿ ಹೇಳಿ ನಿಖಿತಾಳ ತೋಳು ತಟ್ಟಿದಳು. ಸಿಂಧೂರ ಅದನ್ನು ಕನ್ನಡಕ್ಕೆ ತಿರುಗಿಸಲಿಲ್ಲ. ತಿರುಗಿಸಬೇಕಾಗಿಯೂ ಇರಲಿಲ್ಲ. ಹಾಗಾದರೆ ಅವರಿಗೆ ಫೋನ್ ಮಾಡಿ, ಇಷ್ಟು ಹೊತ್ತಿಗೆ ಅದು ಇದಕ್ಕಿಂತ ಚೆನ್ನಾಗಿ ಚಿಗುರಿರುತ್ತದೆ ಎಂದಿದ್ದಳು ಟ್ರೂಸ್.

ಅವಳು ಹೋದ ಮೇಲೆ ತಾಯಿ ಮಗಳು ಹಿತ್ತಲಲ್ಲಿ ಉಳಿದರು. ಅನಿರುದ್ಧ ಮೇಲೆ ಬಟ್ಟೆ ಒಣಗಿಸುತ್ತ ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದ. ಸಿಂಧೂರ ಕತ್ತರಿಸಿದ ಕೊಂಬೆಗಳನ್ನು ಒಂದೊಂದಾಗಿ ಆರಿಸಿ, ಮುಳ್ಳು ಚುಚ್ಚದಂತೆ ತುದಿ ಹಿಡಿದು, ಒಟ್ಟು ಮಾಡಿದಳು. ನಿಖಿತಾ ಬಾಗಿಲ ಮೆಟ್ಟಿಲ ಮೇಲೆ ಕೂತಳು. ಈಗಲೇ ಹೇಳಿಬಿಡಬೇಕು ಅಂದುಕೊಂಡಳು. ಮಗಳು ಈ ಕೊಂಬೆ ಎತ್ತಲಿ, ಹೇಳುತ್ತೇನೆ. ಇನ್ನೊಂದು ಎತ್ತಲಿ.

"ಅಮ್ಮ, ಇದನ್ನ ಗ್ರೂನೆ ಬಾಕ್‌ಗೆ ಹಾಕ್ಲಾ?"

ಹಸಿರು ತೊಟ್ಟಿಗೆ ಶಾಲೆಯ ಮಕ್ಕಳು ಅನ್ನುವ ಹೆಸರು ಅದು. "ಹಾಕು ಪುಟ್ಟ," ಎಂದಳು ನಿಖಿತಾ.

ಸಿಂಧೂರ ಹಾಕಲಿಲ್ಲ. ಕೊಂಬೆಗಳ ಕಟ್ಟನ್ನು ಎದೆಗೆ ಅವಚಿಕೊಂಡು ಬಂದು ತಾಯಿಯ ಪಕ್ಕ ಕೂತಳು.

"ಚಿಕ್ಕ ನಿಂಬಣ್ಣನ್ನ ಅಲ್ಲೇ ನೋಡ್ದೆ ನಾನು," ಎಂದಳು. "ಬನಾನಾ ಸಿಪ್ಪೆ ಹಾಕಕ್ಕೆ ಹೋದಾಗ. ಮೇಲೆ ಆಲೂಗಡ್ಡೆ ಸಿಪ್ಪೆ ಇತ್ತು."

ವಿಮಾನವೊಂದು ಗಾಲಿ ಇಳಿಸಿಕೊಂಡು ತಲೆಯ ಮೇಲೆ ಹಾಯ್ದು ಹೋಯಿತು.

"ಅವತ್ತೇನಾ? ಊಟಕ್ಕೆ ಮುಂಚೆನೇನಾ?"

ಮಗು ಹೂಂಗುಟ್ಟಿತು.

"ಮತ್ತೆ ಯಾಕೆ ಹೇಳ್ಲಿಲ್ಲ ಚಿನ್ನ?"

"ನೀನು ಅಸೀಲ್ ಅಂದ್ಯಲ್ಲ." ಸಿಂಧೂರ ಒಣ ಎಲೆಯೊಂದನ್ನು ಕೀಳಲು ನೋಡಿದಳು. ಅದು ಬರಲಿಲ್ಲ, ಅರ್ಧಕ್ಕೆ ಪುಡಿಯಾಯಿತು. "ನಿಂಗೆ ಬೇಜಾರಾಗಿದೆ ಅಂತ ಗೊತ್ತಾಯ್ತು. ಮತ್ತೆ ನೀನು ಬಿಸಾಕಿದೀಯ ಅಂದ್ರೆ ಸತ್ತೋಗಿರತ್ತೆ ಅನ್ಕೊಂಡೆ. ನೀನು ಸುಮ್ಸುಮ್ನೆ ಬಿಸಾಕಲ್ಲ ಅಲ್ವಾ? ಅದಕ್ಕೇ ನಾನು ಎತ್ಕೊಳ್ಳಿಲ್ಲ."

ನಿಖಿತಾ ಮಗಳ ಬೆನ್ನಿನ ಮೇಲೆ ಕೈಯಿಟ್ಟಳು. ಸಿಂಧೂರ ಮಂಡಿಯ ಮೇಲಿನ ಎಲೆಯ ಪುಡಿ ಕೊಡವಿ, ಈ ಮೂರು ತಿಂಗಳಲ್ಲಿ ಮೊದಲ ಸಲ, ತಾಯಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಅಮ್ಮ, ನೀನು ಬಿಸಾಕಿದಾಗ ಅದಕ್ಕಿನ್ನೂ ಜೀವ ಇತ್ತಾ?"